ಗವರ್ನರನ್ನೇ ಅರ್ಧದಲ್ಲಿ ಮನೆಗೆ ಕಳಿಸುವ ಹಕ್ಕು ಎಲ್ಲಿಂದ ಬಂತು? ಹೈರಮ್ ಜಾನ್ಸನ್ ಎಂಬ ರಾಜಕಾರಣಿಯ ಕಥೆ

ಅಮೆರಿಕದ ಪೌರತ್ವ ಪಡೆದು ಕ್ಯಾಲಿಫೋರ್ನಿಯಾದಲ್ಲಿ ಮೊದಲ ಸಲ ಮತ ಹಾಕುವ ಕನ್ನಡಿಗರು ಒಂದು ವಿಷಯಕ್ಕೆ ಗಾಬರಿಯಾಗುತ್ತಾರೆ. ಚುನಾವಣೆಗೆ ಕೆಲವು ವಾರ ಮುಂಚೆ ಅಂಚೆಯಲ್ಲಿ ಒಂದು ದಪ್ಪ ಪುಸ್ತಕ ಬರುತ್ತದೆ. ಅದು ಹಿಂದಿಯಲ್ಲೂ ಸಿಗುತ್ತದೆ. ಅದರ ತುಂಬ ಕಾನೂನುಗಳದ್ದೇ ಮಾತು. ಬಾಡಿಗೆಗೆ ಮಿತಿ ಹಾಕೋಣವಾ, ಕನಿಷ್ಠ ಕೂಲಿ ಏರಿಸೋಣವಾ, ಶಾಲೆ ಕಟ್ಟಡಗಳಿಗೆ ಸಾಲ ಎತ್ತೋಣವಾ, ಹೌದು ಅಥವಾ ಬೇಡ ಅಂತ ಗುರುತು ಹಾಕಿ ಅನ್ನುತ್ತದೆ. 2024ರ ನವೆಂಬರ್‌ನಲ್ಲಿ ರಾಜ್ಯಮಟ್ಟದ ಇಂಥ 10 ಪ್ರಶ್ನೆಗಳಿದ್ದವು. 2025ರ ನವೆಂಬರ್‌ನಲ್ಲಿ ಒಂದೇ ಒಂದು ಪ್ರಶ್ನೆಗೋಸ್ಕರ ಇಡೀ ರಾಜ್ಯ ಮತ ಹಾಕಿತು.

ಊರಲ್ಲಿ ಮತ ಹಾಕಿ ಅಭ್ಯಾಸ ಇರುವವರಿಗೆ ಮೊದಲು ಬರುವ ಪ್ರಶ್ನೆ ಇದು. ಶಾಸಕರನ್ನು ಆರಿಸಿ ಕಳಿಸಿದ್ದೀವಲ್ಲ, ಕಾನೂನು ಮಾಡೋದು ಅವರ ಕೆಲಸ ಅಲ್ವಾ? ಮತ್ತೆ ನಮ್ಮನ್ನ್ಯಾಕೆ ಕೇಳುತ್ತಾರೆ?

ಇದಕ್ಕೆ ಉತ್ತರ ಬೇಕಾದರೆ 1911ಕ್ಕೆ ಹೋಗಬೇಕು. ನಮ್ಮಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾದ ವರ್ಷ ಅದು. ಅದೇ ವರ್ಷ ಕ್ಯಾಲಿಫೋರ್ನಿಯಾದ ಗವರ್ನರ್ ಆದವರು ಹೈರಮ್ ಜಾನ್ಸನ್.

ಅಲ್ಲಿಯ ಗವರ್ನರ್ ನಮ್ಮ ರಾಜ್ಯಪಾಲರಲ್ಲ

ಮೊದಲು ಈ ಗೊಂದಲ ಬಿಡಿಸಿಕೊಳ್ಳೋಣ. ನಮ್ಮಲ್ಲಿ ಗವರ್ನರ್ ಅಂದರೆ ರಾಜ್ಯಪಾಲರು. ದಿಲ್ಲಿಯಿಂದ ನೇಮಕವಾಗಿ ಬರುತ್ತಾರೆ, ರಾಜಭವನದಲ್ಲಿ ಇರುತ್ತಾರೆ, ದಿನನಿತ್ಯದ ಆಡಳಿತ ನಡೆಸುವವರು ಮುಖ್ಯಮಂತ್ರಿ. ಅಮೆರಿಕದಲ್ಲಿ ಗವರ್ನರ್ ಅಂದರೆ ನಮ್ಮ ಮುಖ್ಯಮಂತ್ರಿಯ ಕುರ್ಚಿ. ಒಂದು ದೊಡ್ಡ ವ್ಯತ್ಯಾಸ ಇದೆ. ನಮ್ಮ ಮುಖ್ಯಮಂತ್ರಿಯನ್ನು ಶಾಸಕರು ಆರಿಸುತ್ತಾರೆ, ಬಹುಮತ ಹೋದರೆ ಕುರ್ಚಿಯೂ ಹೋಗುತ್ತದೆ. ಅಲ್ಲಿ ಗವರ್ನರನ್ನು ಇಡೀ ರಾಜ್ಯದ ಜನ ನೇರವಾಗಿ ಮತ ಹಾಕಿ ಆರಿಸುತ್ತಾರೆ. ಸದನದಲ್ಲಿ ಬಹುಮತ ಇಲ್ಲ ಅಂತ ಅವರ ಸರ್ಕಾರ ಬೀಳುವುದಿಲ್ಲ. ಹಾಗಾದರೆ ಗೆದ್ದ ಮೇಲೆ ನಾಲ್ಕು ವರ್ಷ ಯಾರೂ ಕೇಳುವ ಹಾಗಿಲ್ಲವಾ? ಈ ಪ್ರಶ್ನೆ ನೆನಪಲ್ಲಿ ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಒಂದು ರೈಲು ಕಂಪನಿಯ ಕೈಯಲ್ಲಿ ಒಂದು ರಾಜ್ಯ

ಕೋಲಾರದ ಕಡೆ ಒಂದು ಹಳ್ಳಿ ಅಂತ ಅಂದುಕೊಳ್ಳಿ. ಟೊಮೆಟೊ ಚೆನ್ನಾಗಿ ಬಂದಿದೆ. ಆದರೆ ಮಾರುಕಟ್ಟೆಗೆ ಒಯ್ಯಲು ಇರುವುದು ಒಬ್ಬನೇ ಮಾಲೀಕನ ಲಾರಿ. ಬೇರೆ ದಾರಿ ಇಲ್ಲ. ಬಾಡಿಗೆ ಎಷ್ಟು ಅಂತ ಅವನೇ ಹೇಳುತ್ತಾನೆ, ಅದೂ ನಿಮ್ಮ ಫಸಲಿಗೆ ಎಷ್ಟು ಬೆಲೆ ಸಿಗುತ್ತದೆ ಅಂತ ನೋಡಿಕೊಂಡು. ಒಪ್ಪದಿದ್ದರೆ ಟೊಮೆಟೊ ಕೊಳೆಯುತ್ತದೆ. ದೂರು ಕೊಡೋಣ ಅಂದರೆ ಪಂಚಾಯಿತಿ ಸದಸ್ಯರು ಅವನ ಲಾರಿಯಲ್ಲೇ ಪುಕ್ಕಟೆ ಓಡಾಡುವವರು, ಚುನಾವಣೆಗೆ ಅವನ ಹತ್ತಿರವೇ ದುಡ್ಡು ತೆಗೆದುಕೊಂಡವರು.

ಆ ಲಾರಿಯ ಜಾಗದಲ್ಲಿ ಸದರ್ನ್ ಪೆಸಿಫಿಕ್ ಎಂಬ ರೈಲು ಕಂಪನಿಯನ್ನು, ಹಳ್ಳಿಯ ಜಾಗದಲ್ಲಿ ಇಡೀ ಕ್ಯಾಲಿಫೋರ್ನಿಯಾವನ್ನು ಇಡಿ. 1869ರಲ್ಲಿ ಅಮೆರಿಕದ ಪೂರ್ವ ಪಶ್ಚಿಮಗಳನ್ನು ರೈಲು ಹಳಿ ಜೋಡಿಸಿತು. ಪಶ್ಚಿಮದ ಭಾಗವನ್ನು ಹಾಕಿದ ನಾಲ್ವರು ವ್ಯಾಪಾರಿಗಳು ಮುಂದೆ ರಾಜ್ಯದ ಬಹುಪಾಲು ರೈಲು ಮಾರ್ಗಗಳನ್ನು ತಮ್ಮ ಹಿಡಿತಕ್ಕೆ ತಂದರು. ಅವರಲ್ಲಿ ಒಬ್ಬರು ಲೀಲ್ಯಾಂಡ್ ಸ್ಟ್ಯಾನ್‌ಫರ್ಡ್. ನಮ್ಮ ಎಷ್ಟೋ ಮಕ್ಕಳು ಓದಲು ಆಸೆಪಡುವ ವಿಶ್ವವಿದ್ಯಾಲಯ ಅವರು ಕಟ್ಟಿಸಿದ್ದು. ಗೋಧಿ, ಕಿತ್ತಳೆ, ದ್ರಾಕ್ಷಿ, ಏನೇ ಬೆಳೆದರೂ ದೂರದ ಪೇಟೆಗೆ ಹೋಗಬೇಕಾದರೆ ಈ ರೈಲೇ ಗತಿ.

ಕಂಪನಿಗೆ ತನ್ನದೇ ಒಂದು ರಾಜಕೀಯ ವಿಭಾಗ ಇತ್ತು. ಶಾಸಕರಿಗೆ, ಪತ್ರಕರ್ತರಿಗೆ, ನ್ಯಾಯಾಧೀಶರಿಗೆ ಪುಕ್ಕಟೆ ಪಾಸ್ ಹೋಗುತ್ತಿತ್ತು. ರೈಲು ದರದ ಮೇಲೆ ಕಣ್ಣಿಡಲು 1879ರ ಸಂವಿಧಾನದಲ್ಲಿ ಒಂದು ರೈಲ್ವೆ ಕಮಿಷನ್ ಮಾಡಿದ್ದರು. ಅದೂ ಕಂಪನಿಯ ಮಾತೇ ಕೇಳುತ್ತಿತ್ತು. ಯಾರಿಗೆ ಟಿಕೆಟ್ ಅನ್ನುವುದು ಪಕ್ಷದ ಮುಖಂಡರ ಸಭೆಯಲ್ಲಿ ತೀರ್ಮಾನವಾಗುತ್ತಿತ್ತು, ಆ ಸಭೆಗಳಲ್ಲಿ ಕಂಪನಿಯ ಜನ ಕೂತಿರುತ್ತಿದ್ದರು. ಮತ ಹಾಕುವ ಹೊತ್ತಿಗೆ ಜನರ ಮುಂದೆ ಉಳಿದಿರುತ್ತಿದ್ದ ಹೆಸರುಗಳೆಲ್ಲ ಕಂಪನಿಗೆ ಒಪ್ಪಿಗೆಯಾದವೇ. ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಚುನಾವಣೆ ಸರಿಯಾಗೇ ನಡೆಯುತ್ತಿತ್ತು, ಮತ ಎಣಿಕೆಯೂ ನಡೆಯುತ್ತಿತ್ತು, ಆದರೂ ಯಾರು ಗೆದ್ದರೂ ರೈಲು ಬಾಡಿಗೆ ಮಾತ್ರ ಇಳಿಯುತ್ತಿರಲಿಲ್ಲ. ಮುಂದೆ ಜಾನ್ಸನ್ ಮಾಡಿದ್ದೆಲ್ಲ ಈ ಒಂದು ಕಾಯಿಲೆಗೆ ಹುಡುಕಿದ ಮದ್ದು.

ಕೋರ್ಟಿನಲ್ಲಿ ಹಾರಿದ ಗುಂಡು

ಹೈರಮ್ ಜಾನ್ಸನ್ ಹುಟ್ಟಿದ್ದು 1866ರಲ್ಲಿ, ರಾಜಧಾನಿ ಸ್ಯಾಕ್ರಮೆಂಟೊದಲ್ಲಿ. ತಂದೆ ಗ್ರೋವ್ ಜಾನ್ಸನ್ ವಕೀಲರು, ಶಾಸಕರು, ಮತ್ತು ರೈಲು ಕಂಪನಿಯ ಪರವಾಗಿ ಗಟ್ಟಿಯಾಗಿ ನಿಂತವರು. ಮಗನೂ ವಕೀಲರಾದರು. ಆದರೆ ರಾಜಕೀಯದ ವಿಷಯದಲ್ಲಿ ಅಪ್ಪ ಮಕ್ಕಳ ನಡುವೆ ಮನಸ್ತಾಪ ಬೆಳೆಯಿತು. 1902ರಲ್ಲಿ ಹೈರಮ್ ತಮ್ಮ ಸಹೋದರನ ಜೊತೆ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗಿ ಅಲ್ಲಿ ವಕೀಲಿಕೆ ಶುರು ಮಾಡಿದರು.

ಆಗ ಆ ನಗರವನ್ನು ಹಿಂದೆ ಕೂತು ಆಡಿಸುತ್ತಿದ್ದವರು ಏಬ್ ರೂಫ್ ಎಂಬ ವಕೀಲ. ಟ್ರಾಮ್, ಗ್ಯಾಸ್, ಟೆಲಿಫೋನ್ ಕಂಪನಿಗಳು ಇವರಿಗೆ 'ಫೀಸು' ಕೊಡುತ್ತಿದ್ದವು, ಅದರಲ್ಲಿ ಪಾಲು ನಗರಸಭೆ ಸದಸ್ಯರಿಗೆ ಹೋಗುತ್ತಿತ್ತು, ಕಂಪನಿಗಳಿಗೆ ಬೇಕಾದ ಲೈಸೆನ್ಸ್ ಸಿಗುತ್ತಿತ್ತು. 1906ರ ಭೂಕಂಪದ ನಂತರ ಇದೆಲ್ಲ ಕೋರ್ಟ್ ಮೆಟ್ಟಿಲು ಹತ್ತಿತು. 1908ರ ನವೆಂಬರ್‌ನಲ್ಲಿ, ವಿಚಾರಣೆ ನಡೆಯುವಾಗಲೇ, ಸರ್ಕಾರದ ಪರ ವಾದಿಸುತ್ತಿದ್ದ ಫ್ರಾನ್ಸಿಸ್ ಹೀನಿ ಅವರ ಮೇಲೆ ಒಬ್ಬ ಕೋರ್ಟ್ ಹಾಲಿನಲ್ಲೇ ಗುಂಡು ಹಾರಿಸಿದ. ಹೀನಿ ಬದುಕಿದರು, ಆದರೆ ವಾದ ಮುಂದುವರಿಸುವ ಸ್ಥಿತಿಯಲ್ಲಿ ಇರಲಿಲ್ಲ. ಕೇಸ್ ಕೈಗೆತ್ತಿಕೊಂಡ ವಕೀಲರಲ್ಲಿ ಜಾನ್ಸನ್ ಒಬ್ಬರು. ಮುಂದಿನ ತಿಂಗಳೇ ರೂಫ್ ತಪ್ಪಿತಸ್ಥ ಅಂತ ತೀರ್ಪು ಬಂತು, 14 ವರ್ಷ ಜೈಲು.

ರಾಜ್ಯದ ಮೂಲೆ ಮೂಲೆಗೂ ಜಾನ್ಸನ್ ಹೆಸರು ತಲುಪಿದ್ದು ಆಗಲೇ.

ರೈಲು ಹತ್ತದ ಅಭ್ಯರ್ಥಿ

1907ರಲ್ಲಿ ರಿಪಬ್ಲಿಕನ್ ಪಕ್ಷದ ಒಳಗೇ ಒಂದು ಗುಂಪು ಎದ್ದಿತ್ತು. ಲಿಂಕನ್–ರೂಸ್‌ವೆಲ್ಟ್ ಲೀಗ್ ಅಂತ ಅದರ ಹೆಸರು. ಗುರಿ ಒಂದೇ, ಪಕ್ಷವನ್ನು ರೈಲು ಕಂಪನಿಯ ಕೈಯಿಂದ ಬಿಡಿಸುವುದು. 1909ರಲ್ಲಿ ಒಂದು ಕಾನೂನು ಬಂದು ದಾರಿ ಸುಲಭವಾಯಿತು. ಅದು ನೇರ ಪ್ರೈಮರಿ ಚುನಾವಣೆಯ ಕಾನೂನು. ಅಂದರೆ ಟಿಕೆಟ್ ಯಾರಿಗೆ ಅಂತ ಮುಖಂಡರು ಬಾಗಿಲು ಹಾಕಿಕೊಂಡು ತೀರ್ಮಾನಿಸುವ ಬದಲು, ಪಕ್ಷದ ಸಾಮಾನ್ಯ ಮತದಾರರೇ ಮತ ಹಾಕಿ ಆರಿಸುವುದು. ನಮ್ಮಲ್ಲಿ ಈಗಲೂ ಟಿಕೆಟ್ ಹೈಕಮಾಂಡ್ ಕೈಯಲ್ಲೇ ಇರುವುದರಿಂದ ಇದು ಎಷ್ಟು ದೊಡ್ಡ ಬದಲಾವಣೆ ಅಂತ ನಮಗೆ ಬೇಗ ಅರ್ಥವಾಗುತ್ತದೆ.

1910ರಲ್ಲಿ ಈ ಗುಂಪಿನ ಅಭ್ಯರ್ಥಿ ಜಾನ್ಸನ್. ಅವರು ಪ್ರಚಾರಕ್ಕೆ ರೈಲು ಹತ್ತಲಿಲ್ಲ. ರೈಲು ಕಂಪನಿಯನ್ನು ಬೈಯಲು ಅದೇ ಕಂಪನಿಯ ರೈಲಿನಲ್ಲಿ ಹೋಗುವುದು ಹೇಗೆ? ಆಗಿನ ಕೆಟ್ಟ ರಸ್ತೆಗಳಲ್ಲಿ, ಧೂಳಿನಲ್ಲಿ, ಕಾರಿನಲ್ಲಿ ಊರೂರು ಸುತ್ತಿದರು. ಎಲ್ಲ ಕಡೆಯೂ ಒಂದೇ ಮಾತು, ಸದರ್ನ್ ಪೆಸಿಫಿಕ್ ಕಂಪನಿಯನ್ನು ರಾಜಕೀಯದಿಂದ ಒದ್ದು ಓಡಿಸುತ್ತೇನೆ. ಎದುರಾಳಿ ಡೆಮಾಕ್ರಟಿಕ್ ಪಕ್ಷದ ಥಿಯೋಡರ್ ಬೆಲ್ ಕೂಡ ರೈಲು ಕಂಪನಿಯ ವಿರೋಧಿಯೇ ಆಗಿದ್ದರು. ಆ ವರ್ಷದ ಗಾಳಿ ಯಾವ ಕಡೆ ಬೀಸುತ್ತಿತ್ತು ಅಂತ ಇದರಿಂದಲೇ ಗೊತ್ತಾಗುತ್ತದೆ. ಜಾನ್ಸನ್ ಗೆದ್ದರು, 1911ರ ಜನವರಿ 3ರಂದು ಅಧಿಕಾರ ವಹಿಸಿಕೊಂಡರು.

ಮೂರು ಹೊಸ ಹಕ್ಕುಗಳು

ಜಾನ್ಸನ್ ಮುಂದಿದ್ದ ಸಮಸ್ಯೆ ಇಷ್ಟೇ. ಈಗ ನಾನು ಗೆದ್ದಿದ್ದೇನೆ, ಸರಿ. ನಾಳೆ ಕಂಪನಿ ಮತ್ತೆ ಶಾಸಕರನ್ನು ಕೊಂಡುಕೊಂಡರೆ? ಅಂಥ ದಿನ ಜನರ ಕೈಯಲ್ಲೇ ಏನಾದರೂ ಇರಬೇಕು. ಅದಕ್ಕೆ ಮೂರು ಹಕ್ಕುಗಳನ್ನು ರಾಜ್ಯದ ಸಂವಿಧಾನದಲ್ಲೇ ಸೇರಿಸಲು ಹೊರಟರು. ಸುಲಭವಾಗಿ ತಿಳಿಯಬೇಕಾದರೆ ನಿಮ್ಮ ಅಪಾರ್ಟ್‌ಮೆಂಟಿನ ಸಂಘವನ್ನು ನೆನೆಸಿಕೊಳ್ಳಿ.

ಸಂಘದ ಕಮಿಟಿ ಮಳೆನೀರು ಕೊಯ್ಲಿನ ವಿಷಯ ಎತ್ತುತ್ತಲೇ ಇಲ್ಲ. ಆಗ ಒಂದಷ್ಟು ಮನೆಯವರು ಸಹಿ ಹಾಕಿ, ನಿಯಮವನ್ನು ತಾವೇ ಬರೆದು, ಎಲ್ಲ ಮನೆಯವರ ಮತಕ್ಕೆ ಹಾಕುತ್ತಾರೆ. ಇದು ಇನಿಷಿಯೇಟಿವ್, ಜನರೇ ತರುವ ಕಾನೂನು. ಇನ್ನೊಂದು ಸಲ ಕಮಿಟಿಯೇ ಒಂದು ಕೆಟ್ಟ ನಿಯಮ ಪಾಸ್ ಮಾಡಿದೆ ಅನ್ನಿ. ಅದು ಜಾರಿಗೆ ಬರುವ ಮುಂಚೆ ಸಹಿ ಸಂಗ್ರಹಿಸಿ ತಡೆದು, ಬೇಕೋ ಬೇಡವೋ ಅಂತ ಎಲ್ಲರ ಮತ ಕೇಳುತ್ತೀರಿ. ಇದು ರೆಫರೆಂಡಮ್. ಕೊನೆಯದು, ಅಧ್ಯಕ್ಷರೇ ಸರಿಯಿಲ್ಲ, ಅವರ ಅವಧಿ ಮುಗಿಯುವವರೆಗೆ ಕಾಯಲು ಆಗುವುದಿಲ್ಲ. ಸಹಿ ಸಂಗ್ರಹಿಸಿ ಮತಕ್ಕೆ ಹಾಕಿ ಕೆಳಗಿಳಿಸುತ್ತೀರಿ. ಇದು ರೀಕಾಲ್, ಅಂದರೆ ವಾಪಸ್ ಕರೆಸುವುದು. ಮೇಲೆ ನೆನಪಲ್ಲಿ ಇಟ್ಟುಕೊಳ್ಳಿ ಅಂದ ಪ್ರಶ್ನೆಗೆ ಉತ್ತರ ಇದೇ.

ಇದರಲ್ಲಿ ಒಂದು ಬಿಗಿ ಗಂಟು ಇದೆ, ತುಂಬ ಜನ ಗಮನಿಸುವುದಿಲ್ಲ. ಇನಿಷಿಯೇಟಿವ್ ಮೂಲಕ ಜನರೇ ಮಾಡಿದ ಕಾನೂನನ್ನು ಶಾಸಕರು ತಾವಾಗೇ ತೆಗೆದುಹಾಕುವಂತಿಲ್ಲ. ಆ ಕಾನೂನಿನಲ್ಲೇ ಅದಕ್ಕೆ ಅವಕಾಶ ಬರೆದಿಲ್ಲದಿದ್ದರೆ ಮತ್ತೆ ಜನರ ಹತ್ತಿರವೇ ಬರಬೇಕು.

ಈ ಮೂರನ್ನೂ ಜಾನ್ಸನ್ ಕಂಡುಹಿಡಿದರು ಅಂತ ಕೆಲವರು ಬರೆಯುತ್ತಾರೆ, ಅದು ಸರಿಯಲ್ಲ. ಸ್ವಿಟ್ಜರ್ಲೆಂಡಿನಲ್ಲಿ ಜನರ ಮತಕ್ಕೆ ಕಾನೂನು ಹಾಕುವುದು ಹಳೆಯ ರೂಢಿ. ಆರೆಗನ್ ರಾಜ್ಯ 1902ರಲ್ಲೇ ಇನಿಷಿಯೇಟಿವ್ ತಂದಿತ್ತು. ಲಾಸ್ ಏಂಜಲೀಸ್ ನಗರದಲ್ಲಿ ಜಾನ್ ಹೇನ್ಸ್ ಎಂಬ ವೈದ್ಯರು ಪಟ್ಟುಹಿಡಿದು 1903ರಲ್ಲೇ ರೀಕಾಲ್ ತರಿಸಿದ್ದರು. ಮೂರನ್ನೂ ಒಟ್ಟಿಗೆ ಒಂದು ದೊಡ್ಡ ರಾಜ್ಯಕ್ಕೆ ತಂದು ನಿಲ್ಲಿಸಿದ್ದು ಜಾನ್ಸನ್ ಅವರ ಕೆಲಸ. ಇವೇ ಎಲ್ಲ ರೋಗಕ್ಕೂ ಮದ್ದು ಅಂತ ಅವರೂ ಹೇಳಲಿಲ್ಲ. ಅಧಿಕಾರ ವಹಿಸಿಕೊಂಡ ದಿನದ ಭಾಷಣದಲ್ಲೇ ಅವರು ಆ ಮಾತನ್ನು ಬಿಡಿಸಿ ಹೇಳಿದ್ದರು. ಬೇಕಾದಾಗ ಜನ ತಮ್ಮನ್ನು ತಾವು ಕಾಪಾಡಿಕೊಳ್ಳಲು ಇವು ದಾರಿ ಅನ್ನುವುದಷ್ಟೇ ಅವರ ವಾದ.

1911ರ ಅಕ್ಟೋಬರ್ 10

ಆ ದಿನ ಕ್ಯಾಲಿಫೋರ್ನಿಯಾದ ಮತದಾರರ ಮುಂದೆ 23 ಸಂವಿಧಾನ ತಿದ್ದುಪಡಿಗಳಿದ್ದವು. 22 ಪಾಸಾದವು.

ಮೂರು ಹಕ್ಕುಗಳೂ ಗೆದ್ದವು. ಎಲ್ಲಕ್ಕಿಂತ ಜಾಸ್ತಿ ಜಗಳ ಆಗಿದ್ದು ನ್ಯಾಯಾಧೀಶರನ್ನೂ ರೀಕಾಲ್ ಮಾಡಬಹುದಾ ಅನ್ನುವ ವಿಷಯದಲ್ಲಿ. ಜನರ ಸಿಟ್ಟಿಗೆ ಹೆದರಿ ತೀರ್ಪು ಕೊಡುವ ಹಾಗಾದರೆ ನ್ಯಾಯ ಉಳಿಯುತ್ತದಾ ಅಂತ ವಿರೋಧಿಗಳು ಕೇಳಿದರು. ಆರಿಜೋನಾದ ಸಂವಿಧಾನದಲ್ಲೂ ನ್ಯಾಯಾಧೀಶರ ರೀಕಾಲ್ ಇತ್ತು ಅನ್ನುವ ಕಾರಣಕ್ಕೆ ಅಮೆರಿಕದ ಅಧ್ಯಕ್ಷ ಟ್ಯಾಫ್ಟ್ ಅದೇ ವರ್ಷ ಅದನ್ನು ರಾಜ್ಯ ಮಾಡುವ ನಿರ್ಣಯವನ್ನೇ ತಡೆದಿದ್ದರು. ಜಾನ್ಸನ್ ಬಗ್ಗಲಿಲ್ಲ. ರೈಲು ಕಂಪನಿಗೆ ನ್ಯಾಯಾಧೀಶರೂ ಬೇಕಾಗಿದ್ದರು ಅನ್ನುವುದನ್ನು ಅವರು ಕಣ್ಣಾರೆ ಕಂಡಿದ್ದರು.

ಅದೇ ದಿನ ಮಹಿಳೆಯರಿಗೆ ಮತದಾನದ ಹಕ್ಕೂ ಸಿಕ್ಕಿತು, ಬರೀ 3,587 ಮತಗಳ ಅಂತರದಲ್ಲಿ. ಸ್ಯಾನ್ ಫ್ರಾನ್ಸಿಸ್ಕೋ ಬೇಡ ಅಂದಿತ್ತು. ಮೊದಲ ಎಣಿಕೆ ನೋಡಿದವರು ಸೋತೆವು ಅಂದುಕೊಂಡರು. ಹಳ್ಳಿಗಾಡಿನ ಮತಗಳು ಬಂದ ಮೇಲೆ ಫಲಿತಾಂಶ ತಿರುಗಿತು. ಇದರ ಪರ ಜಾನ್ಸನ್ ಗಟ್ಟಿಯಾಗಿ ಪ್ರಚಾರ ಮಾಡಲಿಲ್ಲ. ಈ ಗೆಲುವು ವರ್ಷಗಟ್ಟಲೆ ದುಡಿದ ಹೆಣ್ಣುಮಕ್ಕಳದ್ದು, ಅದನ್ನು ಅವರ ಲೆಕ್ಕಕ್ಕೇ ಬರೆಯಬೇಕು.

ರೈಲ್ವೆ ಕಮಿಷನ್‌ಗೂ ಆ ವರ್ಷ ಹಲ್ಲು ಬಂತು. ದರ ನಿಗದಿ ಮಾಡುವ ನಿಜವಾದ ಅಧಿಕಾರ ಅದಕ್ಕೆ ಸಿಕ್ಕಿತು, ಗ್ಯಾಸ್, ವಿದ್ಯುತ್, ಟೆಲಿಫೋನ್ ಕಂಪನಿಗಳ ದರವೂ ಅದರ ಕೈಕೆಳಗೆ ಬಂತು. ಅದೇ ಸಂಸ್ಥೆ ಹೆಸರು ಬದಲಿಸಿಕೊಂಡು ಇವತ್ತೂ ಇದೆ. ನಮ್ಮಲ್ಲಿ ಕರೆಂಟ್ ದರಕ್ಕೆ ಕೆಇಆರ್‌ಸಿ ಒಪ್ಪಿಗೆ ಬೇಕಲ್ಲ, ಹಾಗೆ ಅಲ್ಲಿಯ ಖಾಸಗಿ ವಿದ್ಯುತ್ ಕಂಪನಿಗಳಿಗೆ ಇದರ ಒಪ್ಪಿಗೆ ಬೇಕು.

ನೂರು ವರ್ಷದ ಮೇಲೆ

ರೀಕಾಲ್‌ಗೆ ಎಷ್ಟು ಸಹಿ ಬೇಕು? ಗವರ್ನರ್ ವಿರುದ್ಧವಾದರೆ, ಹಿಂದಿನ ಗವರ್ನರ್ ಚುನಾವಣೆಯಲ್ಲಿ ಬಿದ್ದ ಮತಗಳ ಶೇ 12ರಷ್ಟು. ಸಂಗ್ರಹಿಸಲು 160 ದಿನ ಸಮಯ. ಸಹಿ ಸಾಕಷ್ಟಾದರೆ ಮತಪತ್ರದಲ್ಲಿ ಎರಡು ಪ್ರಶ್ನೆ ಇರುತ್ತದೆ. ಇವರನ್ನು ಇಳಿಸಬೇಕಾ? ಇಳಿಸಿದರೆ ಅವರ ಜಾಗಕ್ಕೆ ಯಾರು?

ಗವರ್ನರ್ ಮೇಲೆ ಇದು ಮೊದಲ ಸಲ ಮತದವರೆಗೆ ಬಂದಿದ್ದು 2003ರಲ್ಲಿ. ಗ್ರೇ ಡೇವಿಸ್ ಕೆಳಗಿಳಿದರು, 135 ಅಭ್ಯರ್ಥಿಗಳ ನಡುವೆ ಗೆದ್ದು ಸಿನಿಮಾ ನಟ ಆರ್ನಾಲ್ಡ್ ಶ್ವಾರ್ಜ್‌ನೆಗರ್ ಗವರ್ನರ್ ಆದರು. 2021ರಲ್ಲಿ ಗ್ಯಾವಿನ್ ನ್ಯೂಸಮ್ ವಿರುದ್ಧ ಮತ ನಡೆದಾಗ ಶೇ 60ಕ್ಕೂ ಜಾಸ್ತಿ ಜನ ಇಳಿಸುವುದು ಬೇಡ ಅಂದರು. ನಮ್ಮ ಶಾಸಕ, ಸಂಸದರನ್ನು ಹೀಗೆ ಮತದಾರರು ಅರ್ಧದಲ್ಲಿ ವಾಪಸ್ ಕರೆಸಲು ಭಾರತದಲ್ಲಿ ಅವಕಾಶ ಇಲ್ಲ.

ಇನಿಷಿಯೇಟಿವ್‌ನ ಪರಿಣಾಮ ಮನೆ ಕೊಂಡವರಿಗೆ ಚೆನ್ನಾಗಿ ಗೊತ್ತು. 1978ರಲ್ಲಿ ಜನರ ಮತದಿಂದ ಬಂದ 13ನೇ ಪ್ರಪೊಸಿಷನ್ (ಮತಕ್ಕೆ ಹಾಕುವ ಪ್ರಸ್ತಾವಕ್ಕೆ ಅಲ್ಲಿಯ ಹೆಸರು ಇದು) ಪ್ರಕಾರ ಆಸ್ತಿ ತೆರಿಗೆ ಮೂಲತಃ ಮನೆ ಕೊಂಡಾಗಿನ ಬೆಲೆಯ ಶೇ 1, ಆ ಬೆಲೆಯನ್ನು ವರ್ಷಕ್ಕೆ ಶೇ 2ಕ್ಕಿಂತ ಜಾಸ್ತಿ ಏರಿಸುವಂತಿಲ್ಲ. ಹಾಗಾಗಿ ಫ್ರೀಮಾಂಟ್‌ನ ಒಂದೇ ಬೀದಿಯಲ್ಲಿ, ಒಂದೇ ಅಳತೆಯ ಎರಡು ಮನೆಗಳಲ್ಲಿ, ಹಳೆಯ ಮಾಲೀಕರು ಕಟ್ಟುವ ತೆರಿಗೆ ಹೊಸಬರು ಕಟ್ಟುವುದರ ಒಂದು ಸಣ್ಣ ಪಾಲು ಇರಬಹುದು.

ಕಂಪನಿಗಳೂ ಈ ದಾರಿ ಕಲಿತಿವೆ. ಸಹಿ ಸಂಗ್ರಹಿಸಲು ಕೂಲಿ ಕೊಟ್ಟು ಜನರನ್ನು ಇಡಬಹುದು. 2020ರಲ್ಲಿ ಆ್ಯಪ್ ಮೂಲಕ ಕಾರು, ಊಟ ಕಳಿಸುವ ಕಂಪನಿಗಳು ತಮ್ಮ ಚಾಲಕರನ್ನು ನೌಕರರು ಅಂತ ಎಣಿಸಬಾರದು ಎಂಬ ಕಾನೂನನ್ನು ಇನಿಷಿಯೇಟಿವ್ ಮೂಲಕವೇ ತಂದವು. ಪ್ರಚಾರಕ್ಕೆ 20 ಕೋಟಿ ಡಾಲರ್ ಮೇಲೆ ಖರ್ಚಾಯಿತು. ಕಂಪನಿಯ ದುಡ್ಡಿನಿಂದ ಜನರನ್ನು ಕಾಪಾಡಲು ಮಾಡಿದ ಹಕ್ಕು ದುಡ್ಡಿದ್ದವರ ಕೈಗೂ ಸಿಗುತ್ತದೆ ಅನ್ನುವುದು ನನಗೆ ನಿಜಕ್ಕೂ ಬೇಸರದ ಸಂಗತಿ.

ಸ್ಯಾಕ್ರಮೆಂಟೊದಿಂದ ವಾಷಿಂಗ್ಟನ್‌ಗೆ

ಜಾನ್ಸನ್ ಅವರ ಮುಂದಿನ ದಾರಿಯನ್ನು ಬೇಗ ಹೇಳಿ ಮುಗಿಸುತ್ತೇನೆ. 1912ರಲ್ಲಿ ಥಿಯೋಡರ್ ರೂಸ್‌ವೆಲ್ಟ್ ಹೊಸ ಪ್ರೋಗ್ರೆಸಿವ್ ಪಕ್ಷದಿಂದ ಅಧ್ಯಕ್ಷ ಸ್ಥಾನಕ್ಕೆ ನಿಂತಾಗ ಉಪಾಧ್ಯಕ್ಷ ಅಭ್ಯರ್ಥಿ ಇವರೇ. ದೇಶದಲ್ಲಿ ಸೋತರು, ಕ್ಯಾಲಿಫೋರ್ನಿಯಾದಲ್ಲಿ 174 ಮತದಿಂದ ಗೆದ್ದರು. 1914ರಲ್ಲಿ ಮತ್ತೆ ಗವರ್ನರ್ ಆದರು. 1916ರಲ್ಲಿ ರಿಪಬ್ಲಿಕನ್ ಅಧ್ಯಕ್ಷ ಅಭ್ಯರ್ಥಿ ಚಾರ್ಲ್ಸ್ ಹ್ಯೂಸ್ ಲಾಂಗ್ ಬೀಚ್‌ನ ಒಂದು ಹೋಟೆಲಿಗೆ ಬಂದಿದ್ದರು, ಜಾನ್ಸನ್ ಕೂಡ ಅದೇ ಹೋಟೆಲಿನಲ್ಲಿದ್ದರು, ಆದರೆ ಇಬ್ಬರೂ ಭೇಟಿಯಾಗಲಿಲ್ಲ. ಹ್ಯೂಸ್ ಆ ರಾಜ್ಯವನ್ನು 4,000ಕ್ಕೂ ಕಡಿಮೆ ಮತದಿಂದ ಕಳೆದುಕೊಂಡರು, ಅದರ ಜೊತೆಗೆ ಅಧ್ಯಕ್ಷ ಪದವಿಯನ್ನೂ. ಅದೇ ಚುನಾವಣೆಯಲ್ಲಿ ಜಾನ್ಸನ್ ದೊಡ್ಡ ಅಂತರದಲ್ಲಿ ಸೆನೆಟ್‌ಗೆ ಆಯ್ಕೆಯಾದರು. ನಮ್ಮ ರಾಜ್ಯಸಭೆಯ ಹಾಗೆ ಅದು ಸಂಸತ್ತಿನ ಮೇಲ್ಮನೆ, ಆದರೆ ಅಲ್ಲಿ ಜನರೇ ನೇರವಾಗಿ ಆರಿಸುತ್ತಾರೆ.

1917ರಿಂದ ಸಾಯುವವರೆಗೂ ಅವರು ಸೆನೆಟರ್. ಕೊಲೊರಾಡೊ ನದಿಗೆ ಹೂವರ್ ಅಣೆಕಟ್ಟು ಕಟ್ಟಲು ದಾರಿ ಮಾಡಿದ 1928ರ ಕಾನೂನಿನಲ್ಲಿ ಅವರ ಶ್ರಮ ಇದೆ. ಮೊದಲ ಮಹಾಯುದ್ಧದ ನಂತರ ದೇಶಗಳು ಸೇರಿ ಕಟ್ಟಿದ ಲೀಗ್ ಆಫ್ ನೇಷನ್ಸ್ ಬೇಡ, ಬೇರೆಯವರ ಯುದ್ಧಕ್ಕೆ ನಾವು ಹೋಗುವುದು ಬೇಡ ಅಂತ ಕೊನೆಯವರೆಗೂ ವಾದಿಸಿದರು. ತೀರಿಕೊಂಡಿದ್ದು 1945ರ ಆಗಸ್ಟ್ 6ರಂದು, ಹಿರೋಷಿಮಾ ಮೇಲೆ ಬಾಂಬ್ ಬಿದ್ದ ದಿನ.

ಅದೇ ಕೈಯಿಂದ ಬಿದ್ದ ಇನ್ನೊಂದು ಸಹಿ

1913ರ ಒಂದು ವಿಷಯವನ್ನು ಬೇಕಂತಲೇ ಕೊನೆಗೆ ಇಟ್ಟುಕೊಂಡೆ. ಇದನ್ನು ಹೇಳದೆ ಜಾನ್ಸನ್ ಕಥೆ ಹೇಳಿದರೆ ತಪ್ಪಾಗುತ್ತದೆ. ನಮ್ಮವರಿಗೂ ಇದರಲ್ಲಿ ಪಾಲಿದೆ.

ಆ ವರ್ಷದ ಮೇ ತಿಂಗಳಲ್ಲಿ ಅವರು ಏಲಿಯನ್ ಲ್ಯಾಂಡ್ ಲಾ ಎಂಬ ಕಾನೂನಿಗೆ ಸಹಿ ಹಾಕಿದರು. 'ಪೌರತ್ವಕ್ಕೆ ಅರ್ಹರಲ್ಲದ ವಿದೇಶಿಯರು' ಬೇಸಾಯದ ಜಮೀನು ಕೊಳ್ಳುವಂತಿಲ್ಲ, ಗುತ್ತಿಗೆಗೆ ಹಿಡಿದರೂ ಮೂರು ವರ್ಷ ಮಾತ್ರ. ಜಪಾನೀಯರು ಎಂಬ ಪದ ಅದರಲ್ಲಿ ಎಲ್ಲೂ ಇರಲಿಲ್ಲ. ಆದರೆ ಆಗಿನ ಅಮೆರಿಕದ ಕಾನೂನಿನಲ್ಲಿ ಹೊರಗಿಂದ ಬಂದವರು ಪೌರರಾಗಬೇಕಾದರೆ 'ಬಿಳಿಯರು' ಆಗಿರಬೇಕಿತ್ತು, ಇಲ್ಲವೇ ಆಫ್ರಿಕನ್ ಮೂಲದವರಾಗಿರಬೇಕಿತ್ತು. ಯಾರಿಗಾಗಿ ಈ ಮಾತು ಬರೆದಿದ್ದಾರೆ ಅಂತ ಎಲ್ಲರಿಗೂ ಗೊತ್ತಿತ್ತು. ಅಧ್ಯಕ್ಷ ವಿಲ್ಸನ್ ತಮ್ಮ ವಿದೇಶಾಂಗ ಸಚಿವ ಬ್ರಯನ್ ಅವರನ್ನೇ ಸ್ಯಾಕ್ರಮೆಂಟೊಗೆ ಕಳಿಸಿ ತಡೆಯಲು ನೋಡಿದರು. ಜಾನ್ಸನ್ ಕೇಳಲಿಲ್ಲ. ಜನರ ಕೈಗೆ ಅಧಿಕಾರ ಕೊಟ್ಟ ಮನುಷ್ಯ, ಯಾರು ಜನ ಅನ್ನುವ ಗೆರೆಯನ್ನು ಹೀಗೆ ಎಳೆದರು.

1920ರಲ್ಲಿ ಈ ಕಾನೂನು ಇನ್ನಷ್ಟು ಬಿಗಿಯಾಯಿತು, ಗುತ್ತಿಗೆಯೂ ನಿಂತಿತು. ಅದು ಬಂದಿದ್ದು ಇನಿಷಿಯೇಟಿವ್ ಮೂಲಕ, ಅಂದರೆ ಜಾನ್ಸನ್ ಕೊಟ್ಟ ಹಕ್ಕಿನಿಂದಲೇ.

1923ರಲ್ಲಿ ಭಗತ್ ಸಿಂಗ್ ಥಿಂದ್ ಎಂಬುವರ ಕೇಸಿನಲ್ಲಿ, ಭಾರತೀಯರು 'ಬಿಳಿಯರು' ಅಲ್ಲ, ಹಾಗಾಗಿ ಪೌರತ್ವಕ್ಕೆ ಅರ್ಹರಲ್ಲ ಅಂತ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿತು. ಅಲ್ಲಿಗೆ ಜಮೀನಿನ ಕಾನೂನು ನಮ್ಮವರ ಮೇಲೂ ಬಿತ್ತು. ದಕ್ಷಿಣದ ಇಂಪೀರಿಯಲ್ ವ್ಯಾಲಿಯಲ್ಲಿ ಪಂಜಾಬಿನ ರೈತರು ಬೆವರು ಸುರಿಸಿ ಬೇಸಾಯ ಮಾಡುತ್ತಿದ್ದರು. ಹಲವರು ಮೆಕ್ಸಿಕನ್ ಹೆಣ್ಣುಮಕ್ಕಳನ್ನು ಮದುವೆಯಾಗಿ ಅಲ್ಲೇ ನೆಲೆಸಿದ್ದರು. ಅವರು ಜಮೀನನ್ನು ಅಮೆರಿಕದಲ್ಲಿ ಹುಟ್ಟಿದ ಮಕ್ಕಳ ಹೆಸರಿಗೋ, ನಂಬಿಕಸ್ಥ ಬಿಳಿಯ ಸ್ನೇಹಿತರ ಹೆಸರಿಗೋ ಮಾಡಿ ಉಳಿಸಿಕೊಳ್ಳಬೇಕಾಯಿತು.

ಆ ಪಂಜಾಬಿ ರೈತರಲ್ಲಿ ಒಬ್ಬರು ದಲೀಪ್ ಸಿಂಗ್ ಸೌಂಧ್. ಬರ್ಕ್ಲಿಯಲ್ಲಿ ಗಣಿತದಲ್ಲಿ ಪಿಎಚ್‌ಡಿ ಮಾಡಿದವರು ಇಂಪೀರಿಯಲ್ ವ್ಯಾಲಿಗೆ ಬಂದು ರೈತರಾದರು. ತಮ್ಮ ಹೆಸರಲ್ಲಿ ಜಮೀನು ಮಾಡಲು ಕಾನೂನು ಬಿಡುತ್ತಿರಲಿಲ್ಲ. ಭಾರತೀಯರು ಪೌರರಾಗಬಹುದು ಅಂತ 1946ರಲ್ಲಿ ಕಾನೂನು ಬದಲಾಯಿತು, ಅದಕ್ಕಾಗಿ ಓಡಾಡಿದವರಲ್ಲಿ ಇವರೂ ಇದ್ದರು. 1949ರಲ್ಲಿ ಸೌಂಧ್ ಪೌರರಾದರು.

1952ರಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ ಜಮೀನಿನ ಕಾನೂನು ಅಸಿಂಧು ಅಂತ ತೀರ್ಪು ಕೊಟ್ಟಿತು. ಆದರೆ ಪುಸ್ತಕದಲ್ಲಿ ಅದು ಇನ್ನೂ ಹಾಗೇ ಇತ್ತು. ಜನ ಮತ ಹಾಕಿ ಮಾಡಿದ್ದು ಅಲ್ವಾ, ಅಳಿಸಲೂ ಜನರೇ ಬೇಕಿತ್ತು. ಆ ಪ್ರಶ್ನೆ ಮತದಾರರ ಮುಂದೆ ಬಂದಿದ್ದು 1956ರ ನವೆಂಬರ್ 6ರಂದು. ಇಲ್ಲಿ ಕನ್ನಡ ನಾಡು ಒಂದಾಗಿ ಐದು ದಿನ ಆಗಿತ್ತು. ಕ್ಯಾಲಿಫೋರ್ನಿಯಾ ಆ ಕಾನೂನನ್ನು ತೆಗೆದುಹಾಕಿತು. ಅದೇ ದಿನ, ಅದೇ ಚುನಾವಣೆಯಲ್ಲಿ, ಇಂಪೀರಿಯಲ್ ವ್ಯಾಲಿ ಸೇರಿದ ಕ್ಷೇತ್ರದ ಜನ ದಲೀಪ್ ಸಿಂಗ್ ಸೌಂಧ್ ಅವರನ್ನು ಆರಿಸಿ ವಾಷಿಂಗ್ಟನ್‌ಗೆ ಕಳಿಸಿದರು. ಅಮೆರಿಕದ ಸಂಸತ್ತಿಗೆ ಆಯ್ಕೆಯಾದ ಮೊದಲ ಭಾರತೀಯ ಅವರು.